ತಂಬೂರಿ ಚೆನ್ನಾಗಿ ಕೇಳಬೇಕು ಅಂದ್ರೆ ದುಡ್ಡು ಎಲ್ಲಿ ಹಾಕಬೇಕು?

(ಧಾರವಾಡದಲ್ಲಿ ಸಂಗೀತ ಕೇಳುಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೇಳಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಏನೇನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಅಂಗೈಯಲ್ಲಿ ಹಿಡಿಯುವ ಒಂದು ಮ್ಯೂಸಿಕ್ ಪ್ಲೇಯರ್. ಒಂದು ಮಾಮೂಲಿ ಫೋನ್. ಆ ಫೋನಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್. ಬ್ಯಾಟರಿ ಮೇಲೆ ನಡೆಯುವ ಒಂದು ಹಳೆಯ ಹೆಡ್‌ಫೋನ್ ಆಂಪ್ಲಿಫೈಯರ್. ಎರಡು ಹೆಡ್‌ಫೋನ್, ಒಂದು ಜೊತೆ ಇಯರ್‌ಫೋನ್. ಪಕ್ಕದಲ್ಲಿ ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್. ಸಂಗೀತದ ಕೂಟಕ್ಕೆ ಮಲ್ಟಿಮೀಟರ್ ಯಾಕೆ ಅಂತ ಕೆಲವರು ಆಗಲೇ ನೋಡ್ತಾ ಇದ್ದೀರಿ. ಇವತ್ತಿನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸಾಮಾನು ಅದೇ.

ನಾನು ಹೇಳಬೇಕಾದದ್ದು ಒಂದೇ ಮಾತು. ಎರಡು ಪ್ಲೇಯರ್ ಪಕ್ಕಪಕ್ಕ ಇಟ್ಟು ಕೇಳಿ, "ಇದರ ಸೌಂಡ್ ಚೆನ್ನಾಗಿದೆ" ಅನ್ನುವವರಲ್ಲಿ ಹೆಚ್ಚಿನವರು ನಿಜಕ್ಕೂ ಕೇಳುತ್ತಿರುವುದು ವಾಲ್ಯೂಮ್ ವ್ಯತ್ಯಾಸವನ್ನು. ವಾಲ್ಯೂಮ್ ಸಮ ಮಾಡಿದ ಮೇಲೂ ಏನಾದರೂ ಉಳಿದರೆ, ಅದು ನಿಜವಾದ ಫರಕ್. ಆ ಫರಕ್‌ಗೆ ಕಾರಣಗಳಿವೆ, ಲೆಕ್ಕ ಇದೆ. ಕಾರಣ ಗೊತ್ತಿದ್ದರೆ ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅನ್ನೋದು ತಾನಾಗಿಯೇ ತಿಳಿಯುತ್ತದೆ.

ಈ ಊರಲ್ಲಿ ಇದನ್ನು ಹೇಳುವುದಕ್ಕೆ ನನಗೆ ವಿಶೇಷ ಆಸೆ ಇದೆ. ಕುಂದಗೋಳ, ಹುಬ್ಬಳ್ಳಿ, ಧಾರವಾಡ, ಗದಗ ಈ ಸುತ್ತಿನಲ್ಲಿ ಹಿಂದೂಸ್ತಾನಿ ಗಾಯನ ಕೇಳಿ ಬೆಳೆದ ಕಿವಿಗಳಿವೆ. ಸ್ವರ ಒಂದು ಕೂದಲೆಳೆ ಕೆಳಗೆ ಬಿದ್ದರೂ ಹಿಡಿಯುವ ಕಿವಿಗಳು. ಅಂಥವರು ಜಾಹೀರಾತಿನ ಮಾತು ನಂಬಿ ಸುಮ್ನೆ ಹಣ ಕಳಕೊಳ್ಳಬಾರದು.

ಹಾಡು ಕಿವಿಗೆ ಬರುವ ದಾರಿ ಹೀಗಿದೆ. ಫೈಲಿನಲ್ಲಿ ಇರುವುದು ಬರೀ ಅಂಕಿಗಳು. ಆ ಅಂಕಿಗಳನ್ನು ವಿದ್ಯುತ್ತಿನ ಏರಿಳಿತ ಮಾಡುವ ಚಿಪ್ಪಿಗೆ ಡ್ಯಾಕ್ ಅನ್ನುತ್ತಾರೆ. ಆ ಸಣ್ಣ ಏರಿಳಿತಕ್ಕೆ ಬಲ ಕೊಡುವುದು ಆಂಪ್. ಅದನ್ನು ಗಾಳಿಯ ಅಲುಗಾಟ ಮಾಡುವುದು ಹೆಡ್‌ಫೋನ್. 1979ರಲ್ಲಿ ಸೋನಿ ವಾಕ್‌ಮನ್ ಬಂದಾಗ ಅಂಕಿಗಳ ಜಾಗದಲ್ಲಿ ಕ್ಯಾಸೆಟ್ ಇತ್ತು. 2001ರಲ್ಲಿ ಐಪಾಡ್ ಬಂತು, ಆಮೇಲೆ ಎಲ್ಲ ಫೋನಿನೊಳಗೆ ಸೇರಿತು. 2016ರಲ್ಲಿ ಐಫೋನ್ 7 ಹೆಡ್‌ಫೋನಿನ ತೂತನ್ನೇ ತೆಗೆದುಹಾಕಿತು. ಉಳಿದ ಬಹಳ ಕಂಪನಿಗಳೂ ಅದೇ ದಾರಿ ಹಿಡಿದವು. ಹಾಗಾಗಿ ಡ್ಯಾಕ್ ಮತ್ತು ಆಂಪ್ ಎರಡೂ ಫೋನಿಂದ ಹೊರಬಂದು ಡಾಂಗಲ್ ಆದವು. ಈ ಬೆರಳುದ್ದದ ಡಾಂಗಲ್ ಬರೀ ವೈರ್ ಅಲ್ಲ. ಅದರೊಳಗೆ ಪೂರ್ತಿ ಡ್ಯಾಕ್ ಇದೆ, ಪೂರ್ತಿ ಆಂಪ್ ಇದೆ.

ಈ ದಾರಿಯಲ್ಲಿ ಎಲ್ಲಕ್ಕೂ ಮೊದಲು ಬರುವುದು ರೆಕಾರ್ಡಿಂಗ್. ಅದರಲ್ಲಿ ಇಲ್ಲದ್ದನ್ನು ಯಾವ ಪ್ಲೇಯರೂ ತಂದುಕೊಡಲ್ಲ. ನಮ್ಮಲ್ಲಿ ಹಲವರ ಹತ್ತಿರ ರೇಡಿಯೋದಿಂದ ಕ್ಯಾಸೆಟ್‌ಗೆ ಇಳಿಸಿಕೊಂಡ ಗಾಯನ ಇದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ. ಮೀಡಿಯಂ ವೇವ್ 765 ಕಿಲೋಹರ್ಟ್ಜ್. ಹರ್ಟ್ಜ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಿಲೋ ಅಂದರೆ ಸಾವಿರ. ಮೀಡಿಯಂ ವೇವ್‌ನಲ್ಲಿ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ಇರುವ ಅಂತರ ಬರೀ 9 ಕಿಲೋಹರ್ಟ್ಜ್. ಹಾಗಾಗಿ ಅದರಲ್ಲಿ ಸುಮಾರು 4.5 ಕಿಲೋಹರ್ಟ್ಜ್ ತನಕದ ದನಿ ಮಾತ್ರ ಸರಿಯಾಗಿ ಬರುತ್ತದೆ. ಎಳೆಯ ಕಿವಿ 20 ಕಿಲೋಹರ್ಟ್ಜ್ ತನಕ ಕೇಳಬಲ್ಲದು. ಮೇಲಿನದ್ದೆಲ್ಲ ಆಗಲೇ ಹೋಗಿಬಿಟ್ಟಿದೆ. ಅಂಥ ರೆಕಾರ್ಡಿಂಗ್ ಕೇಳುವುದಕ್ಕೆ ಅರವತ್ತು ಸಾವಿರದ ಪ್ಲೇಯರ್ ತಂದರೆ ಕ್ಯಾಸೆಟ್ಟಿನ ಸುಯ್ ಸದ್ದು ಇನ್ನೂ ಸ್ಪಷ್ಟ ಕೇಳುತ್ತದೆ, ಅಷ್ಟೇ.

ಕ್ಯಾಸೆಟ್‌ನಿಂದ ಇಳಿಸಿದ ಹಾಡುಗಳಲ್ಲಿ ಇನ್ನೂ ದೊಡ್ಡ ದೋಷ ಒಂದಿದೆ, ಅದರ ಬಗ್ಗೆ ಯಾರೂ ಮಾತಾಡಲ್ಲ. ವೇಗ. ಟೇಪು ಶೇಕಡಾ 6ರಷ್ಟು ಜೋರಾಗಿ ಓಡಿದರೆ ಷಡ್ಜ ಪೂರ್ತಿ ಒಂದು ಪಟ್ಟಿ ಮೇಲೆ ಹೋಗುತ್ತದೆ. ಪೇಟಿಯ, ಅಂದರೆ ಹಾರ್ಮೋನಿಯಂನ, ಮೊದಲ ಬಿಳಿ ಪಟ್ಟಿ ಸಫೇದ್ ಏಕ್‌ನಲ್ಲಿ ಹಾಡಿದ್ದು ಅದರ ಪಕ್ಕದ ಕಪ್ಪು ಪಟ್ಟಿ ಕಾಳಿ ಏಕ್ ಆಗಿ ಕೇಳುತ್ತದೆ. ಗಾಯಕರ ದನಿ ತೆಳ್ಳಗಾಗುತ್ತದೆ, ತಾನುಗಳು ಸ್ವಲ್ಪ ಅವಸರ ಅನ್ನಿಸುತ್ತವೆ. ಕೇಳಿದವರು "ಈ ಪ್ಲೇಯರಿನಲ್ಲಿ ದನಿ ತೆಳು" ಅನ್ನುತ್ತಾರೆ. ಪ್ಲೇಯರಿನ ತಪ್ಪು ಅದರಲ್ಲಿ ಏನೂ ಇಲ್ಲ. ಕಂಪ್ಯೂಟರಿನಲ್ಲಿ ವೇಗ ಸರಿ ಮಾಡುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಪೇಟಿ ಪಕ್ಕಕ್ಕೆ ಇಟ್ಟುಕೊಂಡು ಒಂದು ಸಂಜೆ ಕೂತರೆ ಆಗುವ ಕೆಲಸ. ಹೊಸ ಪ್ಲೇಯರ್ ಕೊಡುವುದಕ್ಕಿಂತ ಹೆಚ್ಚಿನ ಸುಖ ಅದರಲ್ಲಿ ಸಿಗುತ್ತದೆ, ಇದನ್ನು ನಾನು ಖಾತ್ರಿಯಾಗಿ ಹೇಳುತ್ತೇನೆ.

ಹಾಗಂತ ಹಳೆಯ ರೆಕಾರ್ಡಿಂಗ್ ಕೇಳಬೇಡಿ ಅಂತಲ್ಲ. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಒಂದು ಗ್ರಾಮೋಫೋನ್ ತಟ್ಟೆ ಕೇಳಿ, ಹಾಡು ಕಲಿಯಬೇಕು ಅಂತ ಮನೆಬಿಟ್ಟು ಹೊರಟರು. ಆಗ ಅವರಿಗೆ ಹನ್ನೊಂದು ವರ್ಷ. ಒಂದು ಮಗ್ಗುಲಿಗೆ ಮೂರ್ನಾಲ್ಕು ನಿಮಿಷ ಓಡುವ, ಚರಪರ ಸದ್ದು ಮಾಡುವ ತಟ್ಟೆ ಅದು. ಅದರಲ್ಲಿ ದಾಟಿ ಬರಬೇಕಾದದ್ದು ದಾಟಿ ಬಂದಿತ್ತು.

ಈಗ ವಾಲ್ಯೂಮ್ ವಿಷಯಕ್ಕೆ ಬರೋಣ.

ದನಿಯ ಜೋರನ್ನು ಅಳೆಯುವ ಮಾನ ಡೆಸಿಬೆಲ್. ಒಂದೇ ಹಾಡನ್ನು ಒಂದು ಡೆಸಿಬೆಲ್ ಜಾಸ್ತಿ ಇಟ್ಟು ಕೇಳಿಸಿದರೆ "ಜೋರಾಯಿತು" ಅಂತ ನಮಗೆ ಅನ್ನಿಸಲ್ಲ. "ಸ್ಪಷ್ಟ ಆಯಿತು", "ತುಂಬಿ ಬಂತು", "ಜೀವ ಬಂತು" ಅನ್ನಿಸುತ್ತದೆ. ಕಿವಿಯ ಸ್ವಭಾವವೇ ಹಾಗೆ. ಕಡಿಮೆ ವಾಲ್ಯೂಮ್‌ನಲ್ಲಿ ಕೆಳಗಿನ ದನಿಗಳನ್ನು ಕಿವಿ ಸರಿಯಾಗಿ ಹಿಡಿಯಲ್ಲ. ಜೋರು ಮಾಡಿದ ಹಾಗೆ ಅವು ಬೇಗ ಬೇಗ ಮೇಲೆ ಬರುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಒಂದು ಡೆಸಿಬೆಲ್ ಅಂದರೆ ವೋಲ್ಟೇಜಿನಲ್ಲಿ ಶೇಕಡಾ 12ರಷ್ಟು ವ್ಯತ್ಯಾಸ. ಎರಡು ಬೇರೆ ಬೇರೆ ಪ್ಲೇಯರುಗಳಲ್ಲಿ ವಾಲ್ಯೂಮನ್ನು ಅಂದಾಜಿನ ಮೇಲೆ ಸಮ ಮಾಡಲು ಹೋದರೆ ಅಷ್ಟು ಹೆಚ್ಚುಕಡಿಮೆ ಆಗಿಯೇ ಆಗುತ್ತದೆ.

ಅದಕ್ಕೇ ಈ ಮಲ್ಟಿಮೀಟರ್. 300 ಹರ್ಟ್ಜ್‌ನ ಒಂದೇ ಸಮನೆ ದನಿಯ ಫೈಲ್ ಹಾಕಿ. ಪ್ಲೇಯರಿಗೆ ಒಂದು ವೈ ಆಕಾರದ ಸ್ಪ್ಲಿಟರ್ ಚುಚ್ಚಿ. ಒಂದು ಕವಲಿಗೆ ನೀವು ಕೇಳುವ ಹೆಡ್‌ಫೋನ್, ಇನ್ನೊಂದಕ್ಕೆ ತುದಿ ಬಿಚ್ಚಿದ ವೈರ್. ಹೆಡ್‌ಫೋನ್ ಕಿವಿಯ ಮೇಲೆ ಬೇಡ, ಮೇಜಿನ ಮೇಲಿರಲಿ, ಈ ದನಿ ಕಿವಿಗೆ ಒಳ್ಳೆಯದಲ್ಲ. ಆದರೆ ಸಿಕ್ಕಿಸಿರಲೇಬೇಕು. ಹೆಡ್‌ಫೋನಿನ ಭಾರ ಬಿದ್ದಾಗ ಎಷ್ಟು ವೋಲ್ಟೇಜ್ ಉಳಿಯುತ್ತದೆ ಅನ್ನೋದು ನಮಗೆ ಬೇಕಾದದ್ದು. ಮೀಟರನ್ನು ಎಸಿ ವೋಲ್ಟೇಜಿಗೆ ಇಟ್ಟು ಅಳೆಯಿರಿ. ಎರಡನೇ ಪ್ಲೇಯರಿನಲ್ಲೂ ಅಷ್ಟೇ ಬರುವ ತನಕ ವಾಲ್ಯೂಮ್ ತಿದ್ದಿ. ಶೇಕಡಾ ಎರಡರೊಳಗೆ ಬಂದರೆ ಸುಮಾರು 0.2 ಡೆಸಿಬೆಲ್, ಸಾಕು. ಒಂದು ಎಚ್ಚರ ಇದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗಕ್ಕೆ ಸಿಗುವ ಹಳದಿ ಮೀಟರಿನಲ್ಲಿ ಎಸಿ ರೇಂಜ್ 200 ವೋಲ್ಟಿನಿಂದ ಶುರುವಾಗುತ್ತದೆ. ಅದು ಇಲ್ಲಿ ನಡೆಯಲ್ಲ. ಎಸಿಯಲ್ಲಿ 2 ವೋಲ್ಟ್ ಅಥವಾ ಅದಕ್ಕಿಂತ ಕೆಳಗಿನ ರೇಂಜ್ ಇರುವ ಮೀಟರ್ ಕೇಳಿ ತಗೊಳ್ಳಿ.

ಆಮೇಲೆ ಇನ್ನೊಬ್ಬರು ಬದಲಾಯಿಸಿ ಕೊಡಬೇಕು, ಕೇಳುವವರಿಗೆ ಯಾವುದು ಅಂತ ಗೊತ್ತಿರಬಾರದು. ಬದಲಾವಣೆ ಬೇಗ ಆಗಬೇಕು. ದನಿಯ ಸೂಕ್ಷ್ಮ ಗುಣ ನೆನಪಲ್ಲಿ ಉಳಿಯುವುದು ಕೆಲವೇ ಸೆಕೆಂಡು. ನಿನ್ನೆ ಅಂಗಡಿಯಲ್ಲಿ ಕೇಳಿದ್ದನ್ನು ಇವತ್ತು ಮನೆಯಲ್ಲಿ ಕೇಳಿದ್ದರ ಜೊತೆ ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಎಷ್ಟು ಸಲ ಮಾಡಬೇಕು? ಹತ್ತು ಸಲದಲ್ಲಿ ಏಳು ಸರಿ ಹೇಳಿದರೆ ನಾವು ಬೀಗುತ್ತೇವೆ, ಅಲ್ವಾ? ಕಣ್ಣುಮುಚ್ಚಿ ನಾಣ್ಯ ಎಸೆದು ಹೇಳಿದರೂ ಏಳು ಅಥವಾ ಅದಕ್ಕಿಂತ ಹೆಚ್ಚು ಸರಿ ಬರುವ ಸಾಧ್ಯತೆ ಶೇಕಡಾ 17ರಷ್ಟಿದೆ. ಒಂಬತ್ತು ಸರಿ ಬಂದರೆ ಮಾತು ಬೇರೆ. ಅದು ಅದೃಷ್ಟದಿಂದ ಆಗುವುದು ಶೇಕಡಾ ಒಂದರಷ್ಟು ಮಾತ್ರ.

ಇಲ್ಲಿಯೇ ಮಾಡಿ ನೋಡೋಣ ಅಂತ ನಮ್ಮ ನಡುವಿನ ತಬಲಾ ಬಾರಿಸುವ ಹಿರಿಯರೊಬ್ಬರನ್ನು ಮುಂದೆ ಕೂರಿಸಿದೆವು. ಪ್ಲೇಯರ್ ಮತ್ತು ಡಾಂಗಲ್ ಮೇಲೆ ಟವೆಲ್ ಮುಚ್ಚಿದ್ದೆವು. ಮೊದಲು ಬೇಕಂತಲೇ ಒಂದನ್ನು ಸ್ವಲ್ಪ ಜೋರಾಗಿ ಇಟ್ಟೆ. ಅವರು ತಕ್ಷಣ, "ಎರಡನೇದ್ದು ಛಲೋ ಐತ್ರಿ, ಡಗ್ಗಾ ತುಂಬಿ ಬರಾಕತ್ತೈತಿ" ಅಂದರು. ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ಕೆಳಗಿನ ದನಿ ಕೊಡುವ ದೊಡ್ಡದು. ಅವರು ಮೆಚ್ಚಿದ್ದು ಫೋನಿನ ಡಾಂಗಲ್. ಮೀಟರ್ ಹಿಡಿದು ಸಮ ಮಾಡಿದ ಮೇಲೆ ಬಹಳ ಹೊತ್ತು ತಲೆ ಬಗ್ಗಿಸಿ ಕೇಳಿದರು. ಆಮೇಲೆ, "ಈಗ ಗೊತ್ತಾಗವಲ್ದ್ರಿ" ಅಂದರು. ಅವರ ಕಿವಿ ಮಂದ ಅಂತಲ್ಲ. ಇಡೀ ಕೋಣೆಯಲ್ಲಿ ಅವರಷ್ಟು ಚುರುಕು ಕಿವಿ ಯಾರಿಗೂ ಇರಲಿಲ್ಲ. ಕೇಳಿಸುವಂಥ ವ್ಯತ್ಯಾಸವೇ ಅಲ್ಲಿ ಇರಲಿಲ್ಲ.

ಮೂರನೇ ಸಲ ಅದೇ ಇಯರ್‌ಫೋನನ್ನು ಈ ಹಳೆಯ ಆಂಪ್‌ಗೆ ಸಿಕ್ಕಿಸಿ, ವಾಲ್ಯೂಮ್ ಸಮ ಮಾಡಿ ಕೊಟ್ಟೆ. ಒಂದು ಆವರ್ತನ ಮುಗಿಯುವಷ್ಟರಲ್ಲಿ ತಲೆ ಎತ್ತಿ, "ಇದು ಬ್ಯಾರೆ ಐತಿ. ತಬಲಾದ ಚಾಟಿ ಮೇಲೆ ಯಾರೋ ಬಟ್ಟಿ ಹಾಕ್ಯಾರ" ಅಂದರು. ಪೂರ್ತಿ ಸರಿ. ಚಾಟಿ ಅಂದರೆ ತಬಲಾದ ಅಂಚು, ಅಲ್ಲಿಂದ ಬರುವುದು ಮೇಲಿನ ಚುರುಕು ದನಿ. ಅದು ಮಂಕಾಗಲು ಕಾರಣ ಒಂದು ಸಣ್ಣ ಅಂಕಿ. ಔಟ್‌ಪುಟ್ ಇಂಪೀಡೆನ್ಸ್.

ಹೆಸರು ದೊಡ್ಡದು, ವಿಷಯ ನಿಮಗೆ ಗೊತ್ತಿರುವುದೇ. ಹಳ್ಳಿಯಲ್ಲಿ ತೋಟದ ಪಂಪ್‌ಸೆಟ್ ಶುರುವಾದಾಗ ಮನೆಯ ಬಲ್ಬು ಮಂಕಾಗುತ್ತದಲ್ಲ, ಆಗ ನಡೆಯುವುದು ಇದೇ. ಟ್ರಾನ್ಸ್‌ಫಾರ್ಮರಿನಿಂದ ಮನೆಯ ತನಕದ ಲೈನಿನಲ್ಲೇ ತಡೆ ಇದೆ. ಹೆಚ್ಚು ಕರೆಂಟ್ ಎಳೆದಾಗ ಆ ತಡೆಯೇ ಒಂದಷ್ಟು ವೋಲ್ಟೇಜ್ ತಿಂದುಬಿಡುತ್ತದೆ. ಆಂಪ್‌ನ ಒಳಗೂ ಅಂಥ ತಡೆ ಇರುತ್ತದೆ. ಹೆಡ್‌ಫೋನ್ ಎಲ್ಲ ದನಿಗೂ ಒಂದೇ ಸಮ ಕರೆಂಟ್ ಎಳೆದರೆ ಬರೀ ವಾಲ್ಯೂಮ್ ಇಳಿಯುತ್ತಿತ್ತು, ತೊಂದರೆ ಇರಲಿಲ್ಲ. ಆದರೆ ಹಲವು ಇಯರ್‌ಫೋನುಗಳು ಹಾಗಲ್ಲ. ಒಳಗೆ ಎರಡು ಮೂರು ಸಣ್ಣ ಸ್ಪೀಕರ್ ಇರುವಂಥವು ಕೆಲವು ದನಿಗಳಿಗೆ ಹೆಚ್ಚು ಎಳೆಯುತ್ತವೆ, ಕೆಲವಕ್ಕೆ ಕಡಿಮೆ.

ಲೆಕ್ಕ ನೋಡಿ. ತಡೆಯನ್ನು ಅಳೆಯುವುದು ಓಮ್‌ನಲ್ಲಿ. ಒಂದು ಇಯರ್‌ಫೋನ್ ಡಗ್ಗಾದ ದನಿಗೆ 32 ಓಮ್ ಇದೆ, ಚಾಟಿಯ ಮೇಲಿನ ದನಿಗೆ 8 ಓಮ್ ಇದೆ ಅಂತಿಟ್ಟುಕೊಳ್ಳಿ. ಆಂಪ್‌ನ ಒಳತಡೆ 10 ಓಮ್ ಇದ್ದರೆ, ಡಗ್ಗಾಕ್ಕೆ ಸಿಗುವ ವೋಲ್ಟೇಜಿಗೆ ಹೋಲಿಸಿದರೆ ಚಾಟಿಗೆ ಸುಮಾರು 4.7 ಡೆಸಿಬೆಲ್ ಕಡಿಮೆ ಸಿಗುತ್ತದೆ. ಯಾರ ಕಿವಿಗೂ ಕೇಳುವಷ್ಟು ದೊಡ್ಡ ಫರಕ್ ಅದು. ಒಳತಡೆ 1 ಓಮ್ ಇದ್ದರೆ ಅದೇ ವ್ಯತ್ಯಾಸ ಮುಕ್ಕಾಲು ಡೆಸಿಬೆಲ್‌ಗೆ ಇಳಿಯುತ್ತದೆ. ಅದಕ್ಕೇ ಹೆಡ್‌ಫೋನಿನ ಓಮ್ ಎಷ್ಟಿದೆಯೋ ಅದರ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನ ಒಳತಡೆ ಕಡಿಮೆ ಇರಲಿ ಅಂತ ಒಂದು ರೂಢಿ ಇದೆ. 16 ಓಮ್ ಇಯರ್‌ಫೋನಿಗೆ 2 ಓಮ್ ಒಳಗೆ. ಈಗಿನ ಒಳ್ಳೆಯ ಡಾಂಗಲ್‌ಗಳಲ್ಲಿ ಇದು 1 ಓಮ್ ಆಸುಪಾಸು ಇರುತ್ತದೆ. ಕೆಲವು ಹಳೆಯ ಆಂಪ್‌ಗಳಲ್ಲಿ, ಮನೆಯ ದೊಡ್ಡ ಸ್ಟೀರಿಯೋದ ಹೆಡ್‌ಫೋನ್ ತೂತಿನಲ್ಲಿ ಇದು ಬಹಳ ಹೆಚ್ಚಿರುತ್ತದೆ. ಕೊಳ್ಳುವಾಗ ಡ್ಯಾಕ್ ಚಿಪ್ಪಿನ ಹೆಸರು ಕೇಳುವ ಬದಲು ಈ ಅಂಕಿ ಕೇಳಿ. ಕಂಪನಿ ಬರೆದಿರದಿದ್ದರೆ ಅಳತೆ ಮಾಡಿದವರ ವರದಿ ಹುಡುಕಿ.

ಹಾಗಾದರೆ ಬೇರೆ ಆಂಪ್ ಯಾರಿಗೆ ಬೇಕು? ಇದೂ ಲೆಕ್ಕವೇ. ಇಯರ್‌ಫೋನ್ ಒಂದು ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಕೊಡುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದರೆ, ನೀವು 80 ಡೆಸಿಬೆಲ್‌ನಲ್ಲಿ ಕೇಳುವಾಗ ಅದಕ್ಕೆ ಬೇಕಾದದ್ದು ಒಂದು ಮಿಲಿವ್ಯಾಟ್‌ನ ಸಾವಿರದಲ್ಲಿ ಒಂದು ಭಾಗ. ಅದಕ್ಕೆ ನೂರಾರು ಮಿಲಿವ್ಯಾಟ್ ಕೊಡುವ ಆಂಪ್ ತಂದು ಏನು ಮಾಡೋದು? ತೊಂದರೆಯೇ ಜಾಸ್ತಿ. ಬಲವಾದ ಆಂಪ್‌ನ ಹಿನ್ನೆಲೆ ಸದ್ದು ಅಂಥ ಸೂಕ್ಷ್ಮ ಇಯರ್‌ಫೋನಿನಲ್ಲಿ ಸುಯ್ ಅಂತ ಕೇಳುತ್ತಲೇ ಇರುತ್ತದೆ. ಆಲಾಪದ ನಡುವಿನ ಮೌನದಲ್ಲಿ ಅದು ಎದ್ದು ಕಾಣುತ್ತದೆ. ಆಂಪ್ ಎಷ್ಟು ಬಲ ಕೊಡಬೇಕು ಅಂತ ಹೇಳುವ ಗೇನ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಕಡಿಮೆಗೆ ಇಟ್ಟುಕೊಳ್ಳಿ.

ದೊಡ್ಡ ಹೆಡ್‌ಫೋನಿನ ಕಥೆ ಬೇರೆ. ಸೆನ್‌ಹೈಸರ್ ಎಚ್‌ಡಿ 600 ಅಂತ 1997ರಿಂದ ಬರುತ್ತಿರುವ ಒಂದು ಮಾದರಿ ಇದೆ. ಅದು 300 ಓಮ್. ಒಂದು ವೋಲ್ಟ್ ಕೊಟ್ಟರೆ 97 ಡೆಸಿಬೆಲ್ ಬರುತ್ತದೆ. ಸಾಧಾರಣ ಡಾಂಗಲ್ ಕೊಡುವುದು ಸುಮಾರು ಒಂದು ವೋಲ್ಟ್. ಮನೆಯಲ್ಲಿ ಮೆಲ್ಲಗೆ ಕೇಳುವವರಿಗೆ ಅದು ಸಾಕಾಗಬಹುದು. ಆದರೆ ಬೈಠಕ್‌ನ ಹಳೆಯ ರೆಕಾರ್ಡಿಂಗ್‌ಗಳು ಹೆಚ್ಚಾಗಿ ಮೆಲು ಮಟ್ಟದಲ್ಲೇ ಇರುತ್ತವೆ. ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲಲ್ಲ. ಸಣ್ಣ ಆಂಪ್‌ಗಳನ್ನು ಅವುಗಳ ತುದಿಗೆ ತಳ್ಳಿದಾಗ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಮೇಲಿನ ಷಡ್ಜದಲ್ಲಿ ಜೋರು ತಾನ್ ಬಂದಾಗ ದನಿ ಗೊಗ್ಗರಾಗುವುದು ಅದಕ್ಕೇ. ತುದಿಯ ಏರಿಕೆ 110 ಡೆಸಿಬೆಲ್ ತನಕ ಸಲೀಸಾಗಿ ಹೋಗಬೇಕು ಅಂದರೆ ಈ ಹೆಡ್‌ಫೋನಿಗೆ ಸುಮಾರು 4.5 ವೋಲ್ಟ್ ಬೇಕು. ಇಲ್ಲಿ ಆಂಪ್ ನಿಜವಾಗಿ ಕೆಲಸ ಮಾಡುತ್ತದೆ, ಹಣ ಕೊಟ್ಟದ್ದು ಕೇಳುತ್ತದೆ.

ಬ್ಯಾಲೆನ್ಸ್ಡ್ ಅಂತ 4.4 ಮಿಲಿಮೀಟರಿನ ದಪ್ಪ ತೂತು ಕೆಲವು ಪ್ಲೇಯರುಗಳಲ್ಲಿ ಇದೆ. ಅದಕ್ಕೆ ಸಿಕ್ಕಿಸಿದ ಕೂಡಲೇ ವೋಲ್ಟೇಜ್ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಅಂದರೆ 6 ಡೆಸಿಬೆಲ್ ಜಾಸ್ತಿ. ಅಂಗಡಿಯವರು ಮೊದಲು ಮಾಮೂಲಿ ತೂತು, ಆಮೇಲೆ ಇದು ಅಂತ ಕೇಳಿಸಿದರೆ ಯಾರಿಗಾದರೂ ಇದೇ ಚೆನ್ನಾಗಿ ಕೇಳಬೇಕು. ಮೊದಲು ವಾಲ್ಯೂಮ್ ಇಳಿಸಿ ಕೇಳಿ.

ಉಳಿದ ಕೆಲವು ವಿಷಯ ಬೇಗ ಹೇಳಿ ಮುಗಿಸುತ್ತೇನೆ. 24 ಬಿಟ್, 192 ಕಿಲೋಹರ್ಟ್ಜ್ ಫೈಲ್ ಬೇಕಾ? ಕೇಳುವುದಕ್ಕೆ ಬೇಡ. ಇಲ್ಲಿ ಕಿಲೋಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ದನಿಯನ್ನು ಅಳೆದು ಅಂಕಿ ಬರೆದಿದ್ದಾರೆ ಅನ್ನುವ ಲೆಕ್ಕ, ಬಿಟ್ ಅಂದರೆ ಆ ಒಂದೊಂದು ಅಂಕಿ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ. ಸಿಡಿಯ 16 ಬಿಟ್, 44.1 ಕಿಲೋಹರ್ಟ್ಜ್ ಕಿವಿ ಕೇಳುವ ಎಲ್ಲ ದನಿಯನ್ನೂ ಹಿಡಿಯುತ್ತದೆ. ಅತಿ ಮೆಲು ದನಿಯಿಂದ ಅತಿ ಜೋರು ದನಿ ತನಕದ ಅದರ 96 ಡೆಸಿಬೆಲ್ ಹರವು ಫ್ಯಾನ್ ತಿರುಗುವ ನಮ್ಮ ಕೋಣೆಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ. ಡ್ಯಾಕ್ ಚಿಪ್ ಯಾವುದು ಅನ್ನೋದು ಮುಖ್ಯವಾ? ಅಷ್ಟಿಲ್ಲ. 2020ರ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಅಸಾಹಿ ಕಸೇಯಿಯವರ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಹಲವು ಪ್ಲೇಯರ್ ಕಂಪನಿಗಳು ಬೇರೆಯವರ ಚಿಪ್ಪಿಗೆ ಹೋದವು. ಸರಿಯಾಗಿ ಕಟ್ಟಿದ ಪ್ಲೇಯರಿನಲ್ಲಿ ಯಾವ ಚಿಪ್ ಇದ್ದರೂ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್ ತನಕ ಗೆರೆ ಎಳೆದ ಹಾಗೆ ಸಮ ಬರುತ್ತದೆ. ಬ್ಲೂಟೂತ್? ಅದರಲ್ಲಿ ಡ್ಯಾಕ್ ಮತ್ತು ಆಂಪ್ ಎರಡೂ ಹೆಡ್‌ಫೋನಿನ ಒಳಗೇ ಇರುತ್ತವೆ. ದುಬಾರಿ ಪ್ಲೇಯರ್ ತಂದು ಬ್ಲೂಟೂತ್‌ನಲ್ಲಿ ಕೇಳಿದರೆ ಆ ಪ್ಲೇಯರಿನ ಆಂಪ್ ಸುಮ್ನೆ ಕೂತಿರುತ್ತದೆ.

ಹೆಡ್‌ಫೋನಿನ ಬಗ್ಗೆ ಮಾತ್ರ ನಿಧಾನವಾಗಿ ಮಾತಾಡಬೇಕು. ಎರಡು ಒಳ್ಳೆಯ ಆಂಪ್‌ಗಳ ನಡುವಿನ ವ್ಯತ್ಯಾಸ ಅರ್ಧ ಡೆಸಿಬೆಲ್ ಕೂಡ ಇರಲ್ಲ. ಎರಡು ಹೆಡ್‌ಫೋನುಗಳ ನಡುವೆ ಕೆಲವು ಜಾಗದಲ್ಲಿ ಐದು, ಹತ್ತು ಡೆಸಿಬೆಲ್ ವ್ಯತ್ಯಾಸ ಇರುತ್ತದೆ. ದುಡ್ಡು ಇಲ್ಲಿ ಹಾಕಿ.

ಹೆಡ್‌ಫೋನ್ ಪರೀಕ್ಷೆಗೆ ನಮ್ಮ ಹತ್ತಿರ ಜಗತ್ತಿನಲ್ಲೇ ಒಳ್ಳೆಯ ಸಾಧನ ಇದೆ. ತಂಬೂರಿ. ಗಾಯಕರು ಕಾಳಿ ಏಕ್‌ನಲ್ಲಿ ಹಾಡುತ್ತಿದ್ದರೆ ಅವರ ಷಡ್ಜ ಸುಮಾರು 139 ಹರ್ಟ್ಜ್. ತಂಬೂರಿಯ ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿ ಅದರ ಅರ್ಧ, ಸುಮಾರು 69. ಆ ತಂತಿ ಮೀಟಿದಾಗ ಬರುವುದು ಒಂದು ಸ್ವರ ಅಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ಎಲ್ಲ ಒಂದರ ಹಿಂದೆ ಒಂದು ಏಳುತ್ತವೆ. ಐದನೇ ಪಟ್ಟು, ಸುಮಾರು 347 ಹರ್ಟ್ಜ್‌ನಲ್ಲಿ, ಗಾಂಧಾರ. ಯಾರೂ ಮೀಟದೆ ತಾನಾಗಿ ಹುಟ್ಟುವ ಸ್ವಯಂಭೂ ಗಾಂಧಾರ ಅದೇ. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಕೆಳಗೆ ಇಡುವ ಒಂದು ಎಳೆ ದಾರವನ್ನು ಕೂದಲಷ್ಟು ಸರಿಸಿ ಜವಾರಿ, ಅಂದರೆ ತಂತಿಯ ಝೇಂಕಾರ, ಕೂಡಿಸುತ್ತಾರಲ್ಲ, ಅದು ಸರಿಯಾಗಿ ಕೂತಾಗ ಈ ಮೇಲಿನ ದನಿಗಳು ಹಲವು ಸಾವಿರ ಹರ್ಟ್ಜ್ ತನಕ ಸಾಲಾಗಿ ಹೊಳೆಯುತ್ತವೆ. ಅಂದರೆ ಒಂದೇ ವಾದ್ಯದಲ್ಲಿ ಕೆಳಗಿನಿಂದ ಮೇಲಿನ ತನಕ ಎಲ್ಲ ಇದೆ.

ಹೊಸ ಹೆಡ್‌ಫೋನ್ ಕೇಳುವಾಗ ಗಾಯನ ಶುರುವಾಗುವ ಮೊದಲಿನ ಆ ಒಂದು ನಿಮಿಷ ತಂಬೂರಿ ಮಾತ್ರ ಕೇಳಿ. ಖರ್ಜದ ತಂತಿ ದುಂಡಗೆ ಇದೆಯಾ, ಇಲ್ಲ ಗುಂಯ್ ಅಂತ ಕೋಣೆಯೆಲ್ಲ ಹರಡುತ್ತಿದೆಯಾ? ಹರಡುತ್ತಿದ್ದರೆ ಆ ಹೆಡ್‌ಫೋನಿನಲ್ಲಿ ಬಾಸ್, ಅಂದರೆ ಕೆಳಗಿನ ದನಿ, ಉಬ್ಬಿಸಿದ್ದಾರೆ. ಗಾಂಧಾರ ಹಿಡಿಯಲು ಸಿಗುತ್ತಿದೆಯಾ? ಜವಾರಿಯ ಹೊಳಪು ರೇಷ್ಮೆಯಂತೆ ಇದೆಯಾ, ಇಲ್ಲ ಜುಂಯ್ ಅಂತ ಚುಚ್ಚುತ್ತದೆಯಾ? ಚುಚ್ಚಿದರೆ ಮೇಲೆಲ್ಲೋ ಒಂದು ಕಡೆ ಏರಿಸಿದ್ದಾರೆ. ಆಮೇಲೆ ಗಂಗೂಬಾಯಿ ಹಾನಗಲ್ ಅವರ ದನಿ ಹಾಕಿ ನೋಡಿ. ಆ ತುಂಬು ಗಂಭೀರ ಕಂಠದ ಎದೆಯ ಗುಂಜು ಇರುವುದು 150ರಿಂದ 300 ಹರ್ಟ್ಜ್ ಆಸುಪಾಸಿನಲ್ಲಿ. ಬಾಸ್ ಉಬ್ಬಿದ ಇಯರ್‌ಫೋನುಗಳು ಕೆಡಿಸುವುದು ಸರಿಯಾಗಿ ಆ ಜಾಗವನ್ನೇ. ಅವರ ದನಿ ಮಂಜು ಮುಸುಕಿದ ಹಾಗೆ ಕೇಳಿದರೆ ಆ ಇಯರ್‌ಫೋನ್ ಅಂಗಡಿಗೆ ವಾಪಸ್ ಕೊಡಿ. ಎಷ್ಟು ದುಬಾರಿಯ ಆಂಪ್ ಹಾಕಿದರೂ ಅದು ಸರಿ ಹೋಗಲ್ಲ.

ಖರ್ಚಿಲ್ಲದ ಒಂದು ರಿಪೇರಿಯೂ ಇದೆ. ಇಯರ್‌ಫೋನಿನ ರಬ್ಬರ್ ತುದಿ ಕಿವಿಯಲ್ಲಿ ಬಿಗಿಯಾಗಿ ಕೂರದಿದ್ದರೆ ಡಗ್ಗಾ ಪೂರ್ತಿ ಮಾಯವಾಗುತ್ತದೆ. ಡಬ್ಬದಲ್ಲಿ ಮೂರು ಅಳತೆಯ ತುದಿಗಳಿರುತ್ತವೆ, ನಾವು ಮೊದಲು ಸಿಕ್ಕಿಸಿ ಬಂದದ್ದನ್ನೇ ಇಟ್ಟುಕೊಳ್ಳುತ್ತೇವೆ. ಮೂರನ್ನೂ ಹಾಕಿ ನೋಡಿ. ಎಡಕಿವಿಗೆ ಒಂದು, ಬಲಕಿವಿಗೆ ಒಂದು ಅಳತೆ ಬೇಕಾದರೂ ಆಶ್ಚರ್ಯ ಇಲ್ಲ. ಕಿವಿ ಮುಚ್ಚುವ ದೊಡ್ಡ ಹೆಡ್‌ಫೋನ್ ಹಾಕುವವರು ಕನ್ನಡಕದ ಕಡ್ಡಿಯ ಹತ್ತಿರ ಸಂದು ಬಿಟ್ಟಿದೆಯಾ ನೋಡಿಕೊಳ್ಳಿ.

ಎಲ್ಲಿ ಕೇಳುತ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಧಾರವಾಡ ಓಡಾಡುವಾಗ ಕೇಳುವವರು ಇಲ್ಲಿ ಬಹಳ ಜನ ಇದ್ದೀರಿ. ಎಸಿ ಬಸ್ಸು, ಕಿಟಕಿ ಮುಚ್ಚಿರುತ್ತದೆ. ಆದರೂ ಎಂಜಿನ್, ಗಾಳಿ, ಮಾತು ಎಲ್ಲ ಸೇರಿ ಮೆಲು ದನಿಗಳನ್ನು ನುಂಗಿಬಿಡುತ್ತವೆ. ಅಲ್ಲಿ ಆಂಪ್ ಏನೂ ಮಾಡಲ್ಲ. ಹೊರಗಿನ ಸದ್ದನ್ನು 20 ಡೆಸಿಬೆಲ್‌ನಷ್ಟು ತಡೆಯುವ ಒಳ್ಳೆಯ ಇಯರ್‌ಫೋನ್ ಮಾಡುತ್ತದೆ. ಅದಿಲ್ಲದಿದ್ದರೆ ನಾವು ಮಾಡುವುದು ವಾಲ್ಯೂಮ್ ಏರಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಈ ಒಂದು ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ. ರಾಗ ಕೇಳುವ ಕಿವಿಯನ್ನು ಬಸ್ಸಿನ ಸದ್ದಿನ ಜೊತೆ ಜಿದ್ದಿಗೆ ಬಿಡಬೇಡಿ.

ಪ್ಲೇಯರ್ ಕೊಳ್ಳಲೇಬಾರದಾ ಅಂದರೆ, ಹಾಗಲ್ಲ. ಕೊಳ್ಳಲು ಒಳ್ಳೆಯ ಕಾರಣಗಳಿವೆ. ವಿಲಂಬಿತದ ನಡುವೆ ಫೋನ್ ಕರೆ ಬರಲ್ಲ. ಫೋನಿನ ಬ್ಯಾಟರಿ ಖಾಲಿಯಾಗಲ್ಲ. ಮೆಮೊರಿ ಕಾರ್ಡಿನಲ್ಲಿ ಜೀವಮಾನದ ಸಂಗ್ರಹ ಇಡಬಹುದು. ಕೈಗೆ ಸಿಗುವ ಗುಂಡಿಗಳಿರುತ್ತವೆ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೇ ಕಛೇರಿ ಎರಡು ಟ್ರ್ಯಾಕ್ ಆಗಿರುವ ಫೈಲ್ ಹಾಕಿ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತಂಬೂರಿ ತುಂಡಾಗುತ್ತದೆಯಾ ನೋಡಿ. ತುಂಡಾದರೆ ಅಂಥ ಪ್ಲೇಯರ್ ನಮ್ಮ ಸಂಗೀತಕ್ಕೆ ಅಲ್ಲ.

ಕೊನೆಗೆ ಪ್ರಶ್ನೆಗಳು ಬಹಳ ಬಂದವು. ಒಂದನ್ನು ಇಲ್ಲಿ ಬರೆಯಲೇಬೇಕು. ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು. "ನನಗ ಎಪ್ಪತ್ತರ ಹತ್ರ ಬಂತ್ರಿ. ಕಿವಿ ಮೊದಲಿನಂಗ ಇಲ್ಲ. ಮಗ ಅಮೆರಿಕಾದಿಂದ ದೊಡ್ಡ ಪ್ಲೇಯರ್ ತರ್ತೇನಿ ಅಂತಾನ. ತರಸ್ಲೋ ಬ್ಯಾಡೋ?"

ಅಮ್ಮಾ, ಪ್ಲೇಯರ್ ಬೇಡ ಅನ್ನಿ. ವಯಸ್ಸಾದ ಹಾಗೆ ಮೊದಲು ಹೋಗುವುದು ಮೇಲಿನ ದನಿಗಳು. ಅದು ಎಲ್ಲರಿಗೂ ಆಗುವುದೇ. ಮೊದಲು ಕಿವಿ, ಮೂಗು, ಗಂಟಲು ವಿಭಾಗ ಇರುವ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ. ಯಾವ ಹರ್ಟ್ಜ್‌ನಲ್ಲಿ ಎಷ್ಟು ಕಡಿಮೆ ಅಂತ ಗೆರೆ ಎಳೆದ ಕಾಗದ ಕೊಡುತ್ತಾರೆ. ಅದನ್ನು ಜೋಪಾನ ಇಟ್ಟುಕೊಳ್ಳಿ. ಮಗನಿಗೆ ಹಗುರಾದ, ಕಿವಿಯ ಸುತ್ತ ಮೆತ್ತಗೆ ಕೂರುವ, ಗಾಳಿಯಾಡುವ ಓಪನ್ ಹೆಡ್‌ಫೋನ್ ತರಲು ಹೇಳಿ. ನಿಮ್ಮ ಫೋನಿಗೆ ಒಂದು ಡಾಂಗಲ್ ಸಾಕು. ಫೋನಿನಲ್ಲಿ ಈಕ್ವಲೈಜರ್ ಅಂತ ಇರುತ್ತದೆ. ಆ ಕಾಗದ ನೋಡಿ, ಎಲ್ಲಿ ಕಡಿಮೆ ಇದೆಯೋ ಅಲ್ಲಿ ಮೂರ್ನಾಲ್ಕು ಡೆಸಿಬೆಲ್ ಏರಿಸಿಕೊಡಲಿ. ಅದಕ್ಕಿಂತ ಜಾಸ್ತಿ ಬೇಡ. ಕೊರತೆ ಜಾಸ್ತಿ ಇದ್ದರೆ ಕಿವಿ ಮಷಿನ್ ಬಗ್ಗೆ ಡಾಕ್ಟರನ್ನೇ ಕೇಳಿ. ಏರಿಸುವಾಗ ತಂಬೂರಿ ಹಾಕಿ ಕೂತುಕೊಳ್ಳಿ. ಜವಾರಿ ಎಲ್ಲಿ ಸರಿ ಬಂತು ಅಂತ ಮಗನಿಗೆ ನೀವೇ ಹೇಳಬೇಕು, ಅದು ಅವನಿಗೆ ಗೊತ್ತಾಗಲ್ಲ.